ಸಂಕಟದಲ್ಲಿ ಸಹಭಾಗಿಯಾದ ಪ್ರಭು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸಂಕಟದ ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿಕೊಂಡಾಗ, ಹಬ್ಬದ ದಿನ ಇಂತಹ ವಿಷಯವೇಕೆ ಎಂದು ಮೊದಲು ಅನ್ನಿಸಿತು. ಆದರೆ ಧರ್ಮಕೇಂದ್ರವೊಂದರ ಚರಿತ್ರೆಯೆಂದರೆ ಕೇವಲ ಗೋಪುರದ, ಗಂಟೆಯ ಚರಿತ್ರೆಯಲ್ಲ. ಜ್ಞಾನಸ್ನಾನದ ದಾಖಲೆ ಪುಸ್ತಕದ ಪಕ್ಕದಲ್ಲಿಯೇ ಮರಣದ ದಾಖಲೆ ಪುಸ್ತಕವೂ ಇದೆ. ಈ ಬಲಿಪೀಠದ ಮುಂದೆ ಮಂಡಿಯೂರಿ ಸ್ತೋತ್ರ ಸಲ್ಲಿಸಿದವರು ಎಷ್ಟೋ, ಕಣ್ಣೀರಿಟ್ಟವರೂ ಅಷ್ಟೇ. ಆ ಕಣ್ಣೀರನ್ನು ಮರೆತು ನಾವು ಹಬ್ಬವನ್ನು ಆಚರಿಸಲಾರೆವು.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಹಲವು ವರ್ಷಗಳ ಹಿಂದೆ ಎಳೆಯ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳನ್ನು ಕಾಣಲು ಹೋಗಿದ್ದೆ. ಬಾಗಿಲ ಬಳಿ ನಿಂತು, "ದೇವರ ಚಿತ್ತ ಕಣಮ್ಮ, ಸಮಾಧಾನ ಮಾಡಿಕೋ" ಎಂದೆ. ಆಕೆ ಉತ್ತರ ಕೊಡಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅಷ್ಟರಲ್ಲಿ ನೆರೆಮನೆಯ ವೃದ್ಧೆಯೊಬ್ಬಳು ಬಂದು, ಏನೂ ಹೇಳದೆ, ಆಕೆಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಆಗ ಆ ತಾಯಿ ಬಾಯಿಬಿಟ್ಟು ಅತ್ತಳು. ವಿವರಣೆ ನನ್ನ ಬಳಿ ಇತ್ತು. ಸಾಂತ್ವನವಿದ್ದುದು ಓದು ಬಾರದ ಆ ವೃದ್ಧೆಯ ಬಳಿ.

ಪವಿತ್ರ ಗ್ರಂಥವು ಈ ತಪ್ಪನ್ನು ಬಹು ಹಿಂದೆಯೇ ತೋರಿಸಿಕೊಟ್ಟಿದೆ. ಯೋಬನ ಮಿತ್ರರು ಏಳು ದಿನ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಎಡವಿದ್ದು ಬಾಯಿ ತೆರೆದು, ನಿನ್ನ ಪಾಪವೇ ಇದಕ್ಕೆಲ್ಲ ಕಾರಣವೆಂದು ವಾದಿಸತೊಡಗಿದಾಗ. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಪ್ರಭುವನ್ನು ಅದನ್ನೇ ಕೇಳಿದರು: ಪಾಪ ಮಾಡಿದವನು ಇವನೋ, ಇವನ ಹೆತ್ತವರೋ? ಇಬ್ಬರೂ ಅಲ್ಲವೆಂದು ಪ್ರಭು ನುಡಿದರು. ನುಡಿದು ಸುಮ್ಮನಾಗದೆ ಅವನಿಗೆ ದೃಷ್ಟಿಯನ್ನಿತ್ತರು. ಸಂಕಟವೇಕೆ ಎಂಬ ಪ್ರಶ್ನೆಗೆ ಅವರು ಒಂದು ಸಿದ್ಧಾಂತವನ್ನು ಬರೆದಿಟ್ಟು ಹೋಗಲಿಲ್ಲ. ತಾವೇ ಸಂಕಟದೊಳಕ್ಕೆ ಇಳಿದುಬಂದರು; ಗೆತ್ಸೆಮನಿಯಲ್ಲಿ ಭಯಪಟ್ಟರು, ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಂತೆ ಕೂಗಿದರು. ಮರುತ್ತರ ಬಂದದ್ದು ಪುನರುತ್ಥಾನದ ಮುಂಜಾನೆ. ಆ ಮುಂಜಾನೆಯಲ್ಲಿಯೂ ಅವರ ದೇಹದಲ್ಲಿ ಗಾಯಗಳು ಉಳಿದಿದ್ದವು.

ಈ ಮರ್ಮವನ್ನು ತಮ್ಮ ಬಾಳಿನಲ್ಲಿ ತೋರಿಸಿಕೊಟ್ಟವರು ಸಂತ ಡೇಮಿಯನ್. ಅವರು 1840ರಲ್ಲಿ ಬೆಲ್ಜಿಯಂ ದೇಶದ ಒಕ್ಕಲು ಮನೆತನದಲ್ಲಿ ಜನಿಸಿದರು; 1864ರಲ್ಲಿ ಶಾಂತ ಮಹಾಸಾಗರದ ಹವಾಯಿ ದ್ವೀಪಗಳಿಗೆ ಬಂದು ಅಲ್ಲಿಯೇ ಗುರುದೀಕ್ಷೆ ಪಡೆದರು. ಆಗ ಹವಾಯಿಯಲ್ಲಿ ಕುಷ್ಠರೋಗ ಹಬ್ಬುತ್ತಿತ್ತು. 1865ರ ಕಾನೂನಿನಂತೆ ರೋಗಿಗಳನ್ನು ಮೊಲೊಕಾಯ್ ದ್ವೀಪದ ಒಂದು ಭೂಶಿರಕ್ಕೆ ಸಾಗಿಸಲಾಗುತ್ತಿತ್ತು. ಅದರ ಮೂರು ಕಡೆ ಕಡಲು, ಒಂದು ಕಡೆ ಗೋಡೆಯಂತೆ ನಿಂತ ಬೆಟ್ಟ. ಗಂಡನಿಂದ ಹೆಂಡತಿ, ತಾಯಿಯಿಂದ ಮಕ್ಕಳು ಅಗಲಿ ಅಲ್ಲಿಗೆ ಬಂದರು. 1873ರ ಮೇ 10ರಂದು ಡೇಮಿಯನ್ ಅಲ್ಲಿ ಕಾಲಿಟ್ಟರು. ಗುರುಗಳು ಸರದಿಯ ಮೇಲೆ ಹೋಗಿ ಬರಬೇಕೆಂಬ ಏರ್ಪಾಡಿತ್ತು. ಇವರು ಅಲ್ಲಿಯೇ ಉಳಿಯಲು ಅಪ್ಪಣೆ ಬೇಡಿದರು. ಮೊದಲ ರಾತ್ರಿಗಳನ್ನು ಮರದ ಕೆಳಗೆ ಕಳೆದರು.

ಅವರು ರೋಗಿಗಳಿಗೆ ಸಹನೆಯನ್ನಷ್ಟೇ ಬೋಧಿಸಲಿಲ್ಲ. ಮನೆಗಳನ್ನು ಕಟ್ಟಿದರು, ನೀರು ತರಿಸಿದರು, ಹುಣ್ಣುಗಳನ್ನು ತೊಳೆದರು, ಶವಪೆಟ್ಟಿಗೆ ಮಾಡಿ ಗುಂಡಿ ತೋಡಿ ಸತ್ತವರಿಗೆ ಮರ್ಯಾದೆಯ ಸಂಸ್ಕಾರ ನಡೆಸಿದರು. ಸಂಕಟಕ್ಕೆ ಅರ್ಥವಿದೆಯೆಂದರೆ ಅದನ್ನು ಹಾಗೆಯೇ ಬಿಡಬೇಕೆಂದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಡೇಮಿಯನ್ ತಮ್ಮ ಪ್ರಸಂಗದಲ್ಲಿ "ನಾವು ಕುಷ್ಠರೋಗಿಗಳು" ಎನ್ನುತ್ತಿದ್ದುದು ಪ್ರಸಿದ್ಧವಾಗಿದೆ. ರೋಗ ತಗುಲಿದ ಮೇಲೆ ಹಾಗೆ ಹೇಳಿದರೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬಂದ ವರ್ಷವೇ, ಅಂದರೆ 1873ರಲ್ಲಿಯೇ, ತಾವು ಹೀಗೆ ಬೋಧಿಸುತ್ತಿರುವುದಾಗಿ ಅವರು ತಮ್ಮ ಅಣ್ಣನಿಗೆ ಕಾಗದ ಬರೆದಿದ್ದರು. ಕುದಿಯುವ ನೀರಿನಲ್ಲಿ ಕಾಲಿಟ್ಟರೂ ನೋವು ತಿಳಿಯದೆ ಹೋದದ್ದು 1884ರ ಕೊನೆಯಲ್ಲಿ. ದೇಹಕ್ಕೆ ರೋಗ ತಿಳಿಯುವ ಹನ್ನೊಂದು ವರ್ಷ ಮೊದಲೇ ಪ್ರೀತಿಯು "ನೀವು" ಎಂಬ ಮಾತನ್ನು ಬಿಟ್ಟು "ನಾವು" ಎಂದಿತ್ತು. ಪರಲೋಕದ ದೇವರು ಮನುಷ್ಯರಾಗಿ ನಮ್ಮೊಡನೆ ಆಡಿದ ಮಾತೂ ಇದೇ ಅಲ್ಲವೇ? 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ಡೇಮಿಯನ್ ದೈವಾಧೀನರಾದರು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು.

ಈ ಪ್ರೀತಿ ನಮ್ಮ ನಾಡಿಗೆ ಹೊರತಾದುದಲ್ಲ. ಡೇಮಿಯನ್ ತೀರಿಕೊಂಡ ಮರುವರ್ಷ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಇಂದು ಆ ರೋಗಕ್ಕೆ ಔಷಧವಿದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ಅದು ಗುಣವಾಗುತ್ತದೆ. ಆದರೆ ಒಂಟಿತನ ಎಂಬ ರೋಗಕ್ಕೆ ಮಾತ್ರೆಯಿಲ್ಲ. 2020 ಮತ್ತು 2021ರಲ್ಲಿ ಕೊರೋನಾ ಬಂದಾಗ ಹೆತ್ತವರ ಕೊನೆಯ ಗಳಿಗೆಯಲ್ಲಿ ಬಳಿ ಇರಲಾಗದೆ ಹೋದ ಮಕ್ಕಳಿದ್ದಾರೆ. ಅಂಥವರು ಈ ಸಭೆಯಲ್ಲಿಯೂ ಕುಳಿತಿರಬಹುದು. ಅವರಿಗೆ ನಾನು ಹೇಳಬಲ್ಲುದು ಇಷ್ಟೆ: ನೀವು ಹೋಗಲಾಗದ ಆ ಕೋಣೆಗೆ ಪ್ರಭು ಹೋಗಿದ್ದರು. ಆ ಹಾದಿಯನ್ನು ಅವರು ಮೊದಲೇ ನಡೆದು ಬಲ್ಲರು.

ಜಗದ್ಗುರು ಎರಡನೆಯ ಜಾನ್ ಪೌಲರು 1984ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು, ಸಂಕಟದ ಕುರಿತು ಪತ್ರವೊಂದನ್ನು ಹೊರಡಿಸಿದರು. ಅದರಲ್ಲಿ ಎರಡು ಬೋಧನೆಗಳಿವೆ. ನೋವುಣ್ಣುವವರು ತಮ್ಮ ನೋವನ್ನು ಕ್ರಿಸ್ತನ ಬಲಿಯೊಡನೆ ಕೂಡಿಸಿ ಅರ್ಪಿಸಬಲ್ಲರು. ಆಗ ಹಾಸಿಗೆ ಹಿಡಿದವರೂ ಧರ್ಮಸಭೆಯ ಕೆಲಸಗಾರರೇ. ಉಳಿದವರು ಸಮಾರಿಯದವನಂತೆ ದಾರಿಯಲ್ಲಿ ನಿಲ್ಲಬೇಕು. ಮೊದಲನೆಯ ಬೋಧನೆಯನ್ನು ಇನ್ನೊಬ್ಬರ ಮೇಲೆ ಹೇರುವ ಅಧಿಕಾರ ನಮಗಿಲ್ಲ. ಅದನ್ನು ನೋವುಂಡವರೇ ತಮ್ಮ ಬಾಯಿಂದ ಹೇಳಬೇಕು. ಎರಡನೆಯದು ಮಾತ್ರ ಆರೋಗ್ಯವಂತರಾದ ನಮ್ಮೆಲ್ಲರಿಗೂ ಆಜ್ಞೆ.

ಆದುದರಿಂದ ಪ್ರಿಯರೇ, ಶತಮಾನೋತ್ಸವದ ನೆನಪಿಗೆ ನಾವು ಕಲ್ಲಿನ ಕಟ್ಟಡಗಳನ್ನು ಕಟ್ಟೋಣ, ಅದು ಒಳ್ಳೆಯದೇ. ಅದರ ಜೊತೆಗೆ, ಈ ಧರ್ಮಕೇಂದ್ರದಲ್ಲಿ ಯಾವ ರೋಗಿಯೂ, ಯಾವ ವಿಧವೆಯೂ, ಮಗನನ್ನು ಕಳೆದುಕೊಂಡ ಯಾವ ತಾಯಿಯೂ ಒಂಟಿಯಾಗಿ ಗೋಡೆಯ ಕಡೆಗೆ ಮುಖ ಮಾಡಿ ಮಲಗದಂತೆ ನೋಡಿಕೊಳ್ಳೋಣ. ಬಾಗಿಲಲ್ಲಿ ನಿಂತು ಉಪದೇಶಿಸುವುದನ್ನು ಬಿಟ್ಟು ಒಳಹೋಗಿ ಕುಳಿತುಕೊಳ್ಳೋಣ. ಶಿಲುಬೆಯ ಬಳಿ ಮಾತಿಲ್ಲದೆ ನಿಂತ ವ್ಯಾಕುಲಮಾತೆಯು ನಮಗೆ ಆ ವರವನ್ನು ಬೇಡಿಕೊಡಲಿ.

ಪ್ರಭುವಿನ ಶಾಂತಿ ನಿಮ್ಮೆಲ್ಲರೊಡನೆ ಇರಲಿ.