ಗಾಳದ ಕೋಲಿನ ಗೈಡ್ ಆರಿಸೋದು: ನಾನು ಎಲ್ಲಿ ತಪ್ಪಿದೆ

ಗೈಡ್ ಅಂದ ಕೂಡ್ಲೆ ಎಂಟೆಕ್ ಮಾಡಿದವರಿಗೆ ಬೇರೊಂದು ಮುಖ ನೆನಪಾಗುತ್ತೆ. ನನಗೂ ಅಷ್ಟೇ. ಇವತ್ತಿನ ಮಾತು ಆ ಗೈಡ್ ಬಗ್ಗೆ ಅಲ್ಲ. ಗಾಳದ ಕೋಲಿನ ಉದ್ದಕ್ಕೂ ದಾರ ಹಾಯೋಕೆ ಉಂಗುರ ಕಟ್ಟಿರ್ತಾರಲ್ಲ, ಅದಕ್ಕೂ ಗೈಡ್ ಅಂತಲೇ ಹೆಸರು.

ಹೈದರಾಬಾದಿನ ಫ್ಲ್ಯಾಟ್‌ನಲ್ಲಿ ಕೂತು ಕಾವೇರಿಗೆ ಫ್ಲೈ ರಾಡ್ ಕಟ್ತೀನಿ ಅಂದ್ರೆ ಆಫೀಸಲ್ಲಿ ನಗ್ತಾರೆ. ಇಲ್ಲಿ ಮೀನು ಅಂದ್ರೆ ಮೃಗಶಿರ ಕಾರ್ತೆ ದಿನ ಮಾರ್ಕೆಟ್‌ನಲ್ಲಿ ಕ್ಯೂ ನಿಲ್ಲೋದು. ಆದ್ರೆ ನಮ್ಮೂರು ಕುಶಾಲನಗರದ ಕಡೆ. ಮಹಸೀರ್ ಹುಚ್ಚು ನಮ್ಮ ಕಡೆ ಹೊಸದೂ ಅಲ್ಲ. ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾಗಿದ್ದು ನಮ್ಮ ಮಂಗಳೂರಿನಲ್ಲೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದ್ರೆ ಹತ್ತಿರ ಹತ್ತಿರ 54 ಕೆಜಿ.

ಈಗ ವಿಷಯಕ್ಕೆ ಬರ್ತೀನಿ. ಮಾಮೂಲಿ ಗಾಳದಲ್ಲಿ ಸೀಸದ ತೂಕ ದಾರವನ್ನ ಎಳ್ಕೊಂಡು ಹೋಗುತ್ತೆ. ಫ್ಲೈನಲ್ಲಿ ತೂಕ ಇರೋದೇ ಲೈನ್‌ನಲ್ಲಿ. ಹಾಗಾಗಿ ಲೈನ್ ದಪ್ಪ, ಉದ್ದ ಸುಮಾರು 90 ಅಡಿ. ಅದರ ಹಿಂದೆ ರೀಲ್‌ನಲ್ಲಿ ಬ್ಯಾಕಿಂಗ್ ಅನ್ನೋ ಸಣ್ಣ ಹೆಣೆದ ದಾರ ಇರುತ್ತೆ. ಎರಡೂ ಸೇರೋ ಕಡೆ ಒಂದು ಗಂಟು. ಈ ಗಂಟನ್ನ ನೆನಪಲ್ಲಿಡಿ.

ಮೊದಲ ಕೋಲಿಗೆ ನಾನು ಗೈಡ್ ಆರಿಸಿದ್ದು ಪೂರಾ ಎಕ್ಸೆಲ್ ಶೀಟ್ ನೋಡಿ. ತುದಿಯಲ್ಲಿ ತೂಕ ಕೂತಷ್ಟೂ ಕೋಲು ಬಾಗಿ ವಾಪಸ್ ನೆಟ್ಟಗಾಗೋದು ನಿಧಾನ ಆಗುತ್ತೆ. ದೂರದ ವರ್ಗದ ಲೆಕ್ಕ, ನಿಮಗೂ ಗೊತ್ತು. ಗೈಡ್ ಒಂದೇ ಅಲ್ಲ, ಅದಕ್ಕೆ ಸುತ್ತೋ ನೂಲು, ಮೇಲೆ ಬಳಿಯೋ ಎಪಾಕ್ಸಿ ಕೂಡ ತೂಕಾನೇ. ಅದಕ್ಕೆ ಒಂಟಿ ಕಾಲಿನ ಗೈಡ್‌ಗಳನ್ನ, ಅದರಲ್ಲೂ ಪುಟ್ಟ ಸೈಜಿನವನ್ನ ತರಿಸ್ದೆ. ಅಪಾರ್ಟ್‌ಮೆಂಟ್ ಹಿಂದಿನ ಖಾಲಿ ಸೈಟ್‌ನಲ್ಲಿ ಎಸೆದು ನೋಡಿದ್ರೆ ಬೆಣ್ಣೆ ಥರ ಹೋಗ್ತಿತ್ತು. ನನಗೆ ನಾನೇ ಶಭಾಷ್ ಅಂದ್ಕೊಂಡೆ.

ಆಮೇಲೆ ವಾಲ್ನೂರಿನ ಹತ್ರ, ಪರ್ಮಿಟ್ ತಗೊಂಡು, ಹಿಡಿದು ಬಿಡೋ ಕರಾರಿನ ಮೇಲೆ ನದಿಗೆ ಇಳಿದೆ. ಎರಡನೇ ದಿನ ಬೆಳಿಗ್ಗೆ ಕಚ್ಚಿತು. ಮಹಸೀರ್‌ನ ಮೊದಲ ಓಟ ಅಂದ್ರೆ ಕೈಯಲ್ಲಿ ತಡೆಯೋ ಮಾತಲ್ಲ. 90 ಅಡಿನೂ ಖಾಲಿ ಆಗಿ ಬ್ಯಾಕಿಂಗ್ ಶುರು ಆಯ್ತು. ಆ ಗಂಟು ಕೆಳಗಿನ ಉಂಗುರಗಳನ್ನ ಟಕ್ ಟಕ್ ಅಂತ ದಾಟಿ, ತುದಿಯ ಪುಟ್ಟ ಗೈಡ್‌ನಲ್ಲಿ ಸಿಕ್ಕಿ ಬಿತ್ತು. ಒಂದು ಸೆಕೆಂಡ್ ಕೋಲು ನೀರಿನ ಕಡೆ ನೆಟ್ಟಗಾಯ್ತು, ಮುಂದಿನ ನೈಲಾನ್ ಕಿತ್ತುಹೋಯ್ತು.

ಮೀನು ಹೋಗಿದ್ದಕ್ಕೆ ಬೇಜಾರಿಲ್ಲ, ಹೇಗೂ ಬಿಡೋದೇ ಇತ್ತು. ಬಾಯಲ್ಲಿ ಕೊಕ್ಕೆ, ಹಿಂದೆ ಐದಾರು ಅಡಿ ನೈಲಾನ್ ಎಳ್ಕೊಂಡು ಹೋಯ್ತಲ್ಲ, ಅದು. ಡುಬ್ಬದ ಮಹಸೀರ್ ಇರೋದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 2018ರಿಂದ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ. ನಂದು ಅದೇ ಜಾತಿನೋ, ನೀಲಿ ರೆಕ್ಕೆಯದೋ, ನಾನು ನೋಡಲೇ ಇಲ್ಲ. ಕೊಕ್ಕೆಯ ಮುಳ್ಳನ್ನ ಮುಂಚೆನೇ ಒತ್ತಿ ಚಪ್ಪಟೆ ಮಾಡಿದ್ದೆ, ಕಳಚಿ ಬಿದ್ದಿರಬಹುದು. ಇರಬಹುದು ಅಷ್ಟೇ.

ಹಾಗಾಗಿ ಎರಡನೇ ಕೋಲಿಗೆ ಮೊದಲು ಅಳೆದಿದ್ದು ತೂಕ ಅಲ್ಲ, ಗಂಟು. ನೀವೂ ಹಾಗೇ ಮಾಡಿ. ನಿಮ್ಮ ಲೈನ್, ನಿಮ್ಮ ಬ್ಯಾಕಿಂಗ್ ಸೇರಿಸಿ ಗಂಟು ಹಾಕಿ, ಕೈಯಲ್ಲಿ ಹಿಡಿದ ಗೈಡ್ ಒಳಗೆ ಓರೆಯಾಗಿ ಎಳೀರಿ. ನೇರ ಎಳೆದ್ರೆ ಎಲ್ಲಾ ಪಾಸಾಗುತ್ತೆ, ಮೀನು ನೇರ ಎಳೆಯಲ್ಲ. ತಡೆದ್ರೆ ಒಂದು ಸೈಜ್ ಮೇಲೆ ಹೋಗಿ. ನನ್ನದು 9 ಅಡಿ, 8 ವೇಟ್. ರೀಲ್ ಕಡೆಯ ಎರಡು ಸೆರಾಮಿಕ್ ಉಂಗುರದವು, ಆಮೇಲೆ ಎರಡು ಕಾಲಿನ, ಹಾವಿನ ಥರ ತಿರುಚಿದ ಸ್ನೇಕ್ ಗೈಡ್‌ಗಳು, ತುದಿಗೆ ದೊಡ್ಡ ಬಾಯಿಯ ಟಿಪ್. ಸಣ್ಣ ಮೀನಿನ 4 ವೇಟ್ ಕೋಲಿಗಾದ್ರೆ ಒಂಟಿ ಕಾಲೇ ಚೆಂದ, ಅದರ ಬಗ್ಗೆ ನನ್ನ ತಕರಾರಿಲ್ಲ.

ಎಷ್ಟು ಗೈಡ್ ಬೇಕು? ಅಡಿಗೊಂದು, ತುದಿಯದು ಬೇರೆ. ಇದು ಬರೀ ಅಂದಾಜು. ನೂಲು ಸುತ್ತೋ ಮುಂಚೆ ಟೇಪ್‌ನಲ್ಲಿ ಅಂಟಿಸಿ, ಲೈನ್ ಹಾಯಿಸಿ, ತುದಿಗೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ ಕೋಲನ್ನ ಬಾಗಿಸಿ. ಬಾಗಿದ ಕೋಲಿನ ಜೊತೆಗೇ ಲೈನ್ ಕೂಡ ಬಾಗ್ಬೇಕು. ಎಲ್ಲೋ ಒಂದು ಗೈಡ್‌ನಲ್ಲಿ ಚೂಪಾಗಿ ಮುರಿದಂಗೆ ಕಂಡ್ರೆ ಅಕ್ಕಪಕ್ಕದವನ್ನ ಹತ್ರ ತನ್ನಿ. ನಮ್ಮ ಬಾಲ್ಕನಿಯಲ್ಲಿ ಕೋಲು ಹಿಡಿದು ನಿಂತಿದ್ದು ನನ್ನ ಹೆಂಡ್ತಿ. ಕೆಳಗಿನ ಮನೆ ಆಂಟಿ ತಲೆ ಎತ್ತಿ ನೋಡಿ, ಏನೂ ಕೇಳದೆ ಒಳಗೆ ಹೋದ್ರು.

ಇನ್ನೆರಡು ಸಣ್ಣ ವಿಷಯ. ಗೈಡ್‌ನ ಕಾಲಿನ ತುದಿಯನ್ನ ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ಇಲ್ಲಾಂದ್ರೆ ನೂಲು ಹತ್ತಲ್ಲ, ಬ್ಲ್ಯಾಂಕ್‌ಗೂ ಗೀರು ಬೀಳುತ್ತೆ. ಸೆರಾಮಿಕ್ ಉಂಗುರದೊಳಗೆ ಆಗಾಗ ಹತ್ತಿ ಆಡಿಸಿ ನೋಡಿ, ಎಳೆ ಸಿಕ್ಕಿದ್ರೆ ಅಲ್ಲಿ ಚಕ್ಕೆ ಎದ್ದಿದೆ ಅಂತ ಅರ್ಥ, ಲೈನ್ ಕುಯ್ದು ಹಾಕುತ್ತೆ.

ತೂಕ ಎಷ್ಟು ಜಾಸ್ತಿ ಆಯ್ತು ಅಂತ ಕೇಳ್ತೀರಿ. ಎಸೆಯುವಾಗ ಕೈಗೆ ಗೊತ್ತಾಗುತ್ತೆ, ಸುಳ್ಳು ಹೇಳಲ್ಲ. ಮೊದಲಿನ ಬೆಣ್ಣೆ ಥರ ಇಲ್ಲ. ಇಲ್ಲಿಯ ಮೇ ಸೆಕೆಗೆ ಎಪಾಕ್ಸಿ ಕಲಸಿದ ಬಟ್ಟಲಲ್ಲೇ ಗಟ್ಟಿ ಆಗ್ತಿದೆ, ಅದಕ್ಕೆ ಎರಡನೇ ಸುತ್ತು ರಾತ್ರಿ ಹನ್ನೊಂದರ ಮೇಲೆ ಬಳೀತಾ ಇದೀನಿ. ಇನ್ನು ಮೂರು ಗೈಡ್ ಬಾಕಿ.