ಎರಡೂ ಸೊಂಟದ ಕೀಲು ಸವೆದಾಗ



ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆಗಳಲ್ಲಿ ನಾಟಿ, ಕೆ.ಆರ್. ಪೇಟೆ, ನಾಗಮಂಗಲದ ರಾಗಿ ಹೊಲಗಳಲ್ಲಿ ಕಳೆ. ಬಗ್ಗುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಹೊರೆ ಹೊರುವುದು ಈ ಸೀಮೆಯ ದುಡಿಮೆ. ‘ವಯಸ್ಸಾಯ್ತು, ಮಂಡಿನೋವು’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ.

ನಮ್ಮ ತಾಯಿಯೂ ಹಾಗೆಯೇ ಹೇಳುತ್ತಿದ್ದರು. ಎರಡು ವರ್ಷ ಮಂಡಿಗೆ ಎಣ್ಣೆ ತಿಕ್ಕಿದೆವು. ಮಂಡಿಯ ಎಕ್ಸ್‌ರೇಯಲ್ಲಿ ದೋಷವಿರಲಿಲ್ಲ. ಸವೆದಿದ್ದದ್ದು ಎರಡೂ ಸೊಂಟದ ಕೀಲು. ವಿಜ್ಞಾನ ಓದಿದ ನನಗೂ ಅದು ಹೊಳೆಯಲಿಲ್ಲ.

ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಒಂದೇ. ಆದ್ದರಿಂದ ಮೇಲಿನ ನೋವು ಕೆಳಗೆ ಕಾಣಿಸಿಕೊಳ್ಳಬಹುದು. ಒಂದು ಕಾಲು ಕೆಟ್ಟರೆ ಕುಂಟುತ್ತೇವೆ. ಎರಡೂ ಕೆಟ್ಟರೆ ಹೋಲಿಸಿ ನೋಡಲು ಒಳ್ಳೆಯ ಕಾಲೇ ಇರುವುದಿಲ್ಲ. ನಡಿಗೆ ನಿಧಾನವಾಯಿತು ಎಂದಷ್ಟೇ ಅಂದುಕೊಳ್ಳುತ್ತೇವೆ.

ಗಮನಿಸಿ: ತೊಡೆಸಂದಿನಲ್ಲಿ ನೋವಿದೆಯೇ? ಕಾಲಿನ ಉಗುರು ಕತ್ತರಿಸಲು, ಚಕ್ಕಳಮಕ್ಕಳ ಹಾಕಿ ಕೂರಲು ಕಷ್ಟವೇ? ಬೆಳಿಗ್ಗೆ ಸ್ವಲ್ಪ ಹೊತ್ತು ಕೀಲು ಬಿಗಿಯುತ್ತದೆಯೇ? ಹಾಗಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಅವರು ಕಾಲನ್ನು ತಿರುಗಿಸಿ ನೋಡುತ್ತಾರೆ. ಎರಡೂ ಕೀಲು ಕಾಣುವಂತೆ ಒಂದೇ ಎಕ್ಸ್‌ರೇ ತೆಗೆಸುತ್ತಾರೆ.

ಚಿಕ್ಕ ವಯಸ್ಸಿನಲ್ಲೇ ಎರಡೂ ಕಡೆ ನೋವು ಬಂದರೆ ಬೇರೆ ಕಾರಣ ಹುಡುಕಬೇಕು. ಹೆಚ್ಚು ಕಾಲ ಸ್ಟೀರಾಯ್ಡ್ ಸೇವಿಸಿದರೆ ಅಥವಾ ಅತಿಯಾಗಿ ಕುಡಿದರೆ ತೊಡೆಮೂಳೆಯ ಗುಂಡಿಗೆ ರಕ್ತ ಸಾಲದೆ ಅದು ಕುಸಿಯಬಹುದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆಯಂತೂ ವಂಶಪಾರಂಪರ್ಯವಾಗಿ ಈ ಕೀಲುಗಳನ್ನೇ ಕೆಡಿಸುವಂಥದು.

ಸವೆದ ಕೀಲು ಮತ್ತೆ ಬೆಳೆಯದು. ಆದರೆ ನೋವನ್ನು ತಗ್ಗಿಸಬಹುದು. ತೂಕ ಇಳಿಸಿ. ತೊಡೆ, ಪೃಷ್ಠದ ಸ್ನಾಯುಗಳಿಗೆ ತಿಳಿದವರಿಂದ ವ್ಯಾಯಾಮ ಕಲಿತು ದಿನವೂ ಮಾಡಿ. ಹೆಚ್ಚು ನೋಯುವ ಕಾಲಿನ ಎದುರು ಕೈಯಲ್ಲಿ ಊರುಗೋಲು ಹಿಡಿಯಿರಿ. ಎತ್ತರದ ಕುರ್ಚಿ, ಕೂರುವ ಕಮೋಡು ಇರಲಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗುತ್ತಾ ಹೋದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ. ಹೆಸರಿಲ್ಲದ ಪುಡಿಗಳು ಬೇಡವೇ ಬೇಡ.

ಇಷ್ಟಾದರೂ ರಾತ್ರಿ ನಿದ್ದೆ ಕೆಟ್ಟರೆ, ಮನೆಯೊಳಗೆ ಓಡಾಡುವುದೂ ಕಷ್ಟವಾದರೆ ಕೀಲು ಬದಲಿ ಶಸ್ತ್ರಚಿಕಿತ್ಸೆಯಿದೆ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ರೂಪಿಸಿದ ವಿಧಾನದಿಂದ ಬೆಳೆದುಬಂದದ್ದು ಇದು. ಸಾಮಾನ್ಯವಾಗಿ ಒಂದೊಂದೇ ಕೀಲನ್ನು ಬದಲಿಸುತ್ತಾರೆ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆಗಳಲ್ಲಿ ಮೂಳೆ ವಿಭಾಗಗಳಿವೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಒಯ್ದು ಸರ್ಕಾರಿ ನೆರವನ್ನು ವಿಚಾರಿಸಿ.

ನಮ್ಮ ತಾಯಿ ಈಗ ಕೋಲು ಹಿಡಿದು ಸಂಜೆ ನಾಲೆ ಏರಿಯವರೆಗೆ ಹೋಗಿಬರುತ್ತಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಮಂಡಿ ಹಿಡಿದು ಕೂತಿದ್ದರೆ, ತೊಡೆಸಂದು ನೋಯುತ್ತದೆಯೇ ಎಂದು ಇವತ್ತೇ ಒಮ್ಮೆ ಕೇಳಿ.