ಮಸುಕು ಚುಕ್ಕೆಯ ಲೆಕ್ಕ

ಪ್ರತಿ ವರ್ಷ ಸದ್ದಿಲ್ಲದೆ ಬಂದು ಹೋಗುವ ತಾರೀಖು ಮಾರ್ಚ್ 26. 1789ರಲ್ಲಿ ಅದೇ ದಿನ, ಇಂಗ್ಲೆಂಡಿನ ಸ್ಲೌ ಊರಿನಲ್ಲಿ ವಿಲಿಯಂ ಹರ್ಷೆಲ್ ತಮ್ಮ ದೂರದರ್ಶಕದಲ್ಲಿ ಒಂದು ಮಸುಕು ಚುಕ್ಕೆಯನ್ನು ಕಂಡರು. ಅಣ್ಣ ಹೇಳಿದ್ದನ್ನು ತಂಗಿ ಕ್ಯಾರೊಲಿನ್ ಬರೆದಿಡುವುದು ಅವರಿಬ್ಬರ ರೂಢಿ. ಹಾಗೆ ಪಟ್ಟಿಗೆ ಸೇರಿದ ಆ ಚುಕ್ಕೆಯನ್ನು ಇಂದು ಎನ್‌ಜಿಸಿ 4993 ಎನ್ನುತ್ತೇವೆ. ಹೈಡ್ರಾ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಮಸೂರಾಕಾರದ ಗೆಲಾಕ್ಸಿ ಅದು. ನಡುವೆ ಉಬ್ಬು, ಸುತ್ತ ತಟ್ಟೆ, ಸುರುಳಿ ತೋಳುಗಳಿಲ್ಲ. ಅಲ್ಲಿರುವ ನಕ್ಷತ್ರಗಳು ಬಹುಮಟ್ಟಿಗೆ ಹಳೆಯವು. ಹರ್ಷೆಲ್‌ಗೆ ಇದೇನೂ ಗೊತ್ತಿರಲಿಲ್ಲ. ನಮ್ಮ ಆಕಾಶಗಂಗೆಯ ಆಚೆಗೂ ಗೆಲಾಕ್ಸಿಗಳಿವೆ ಎಂಬುದು ಇತ್ಯರ್ಥವಾದದ್ದೇ 1920ರ ದಶಕದಲ್ಲಿ. ಏನೆಂದು ತಿಳಿಯದೆ ಕಂಡದ್ದನ್ನು ಶೋಧ ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ, ಅರ್ಥವಾಗದ್ದನ್ನು ಅದಿದ್ದ ಜಾಗದ ಸಮೇತ ಬರೆದಿಡುವುದೂ ಶೋಧದ ಒಂದು ಪಾಲು ಎಂದೇ ನನ್ನ ವಾದ.

2017ರ ಆಗಸ್ಟ್ 17ನ್ನು ನೋಡಿ. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದಾಗ ಎದ್ದ ಗುರುತ್ವದ ಅಲೆ ಅಂಥ ಅಲೆಗಳನ್ನು ಪತ್ತೆಹಚ್ಚುವ ಲೈಗೊ ಮತ್ತು ವರ್ಗೊ ಉಪಕರಣಗಳನ್ನು ಮುಟ್ಟಿತು. ಅದು ಬಂದ ದಿಕ್ಕು ಮಾತ್ರ ಅಂದಾಜಿನದು, ನೂರಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರು ಹಿಡಿಸುವಷ್ಟು ಆಕಾಶ. ಆ ವಿಲೀನದಿಂದ ಹೊಮ್ಮುವ ಬೆಳಕೂ ಕೆಲವೇ ದಿನಗಳಲ್ಲಿ ನಂದಿಹೋಗುವಂಥದ್ದು. ಚಿಲಿಯ ಲಾಸ್ ಕ್ಯಾಂಪನಾಸ್‌ನಲ್ಲಿ, ಒಂದೇ ಮೀಟರಿನ ಸ್ವೋಪ್ ದೂರದರ್ಶಕದವರು ಆ ಭಾಗದ ಗೊತ್ತಿರುವ ಗೆಲಾಕ್ಸಿಗಳ ಪಟ್ಟಿ ಮಾಡಿಕೊಂಡು ಅವುಗಳತ್ತ ನೋಡುತ್ತ ಹೋದರು. ಒಂಬತ್ತನೆಯ ಚಿತ್ರದಲ್ಲಿ, ಎನ್‌ಜಿಸಿ 4993ರ ಪಕ್ಕದಲ್ಲಿ, ಹೊಸ ಬೆಳಕು ಸಿಕ್ಕಿತು. ಅಲೆ ಬಂದು ಆಗಿನ್ನೂ ಸುಮಾರು ಹನ್ನೊಂದು ಗಂಟೆ.

ಅವರ ಕೈಯಲ್ಲಿದ್ದದ್ದು ಆಧುನಿಕ ಪಟ್ಟಿ, ಹರ್ಷೆಲ್‌ರ ಕಾಗದವಲ್ಲ. ಹರ್ಷೆಲ್ ಬಿಟ್ಟಿದ್ದರೆ ಮುಂದೆ ಬೇರೊಬ್ಬರು ಇದನ್ನು ದಾಖಲಿಸುತ್ತಿದ್ದರು. ಅದೇ ರಾತ್ರಿ ಪಟ್ಟಿಯ ಹಂಗಿಲ್ಲದೆ, ಆಕಾಶದ ಆ ತುಂಡನ್ನೇ ಹುಡುಕಿ ಬೆಳಕನ್ನು ಹಿಡಿದ ತಂಡವೂ ಇತ್ತು. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಕಂಡ ಬೆಳಕು ಹೊಸದು ಎಂದು ಹೇಳಬೇಕಾದರೆ ಮೊದಲು ಅಲ್ಲಿ ಏನಿತ್ತು ಎಂಬುದು ತಿಳಿದಿರಬೇಕಲ್ಲ? ಹಬಲ್ ದೂರದರ್ಶಕ ಅದೇ ವರ್ಷದ ಏಪ್ರಿಲ್‌ನಲ್ಲಿ, ಈ ಘಟನೆಯ ಸುಳಿವೇ ಇಲ್ಲದಾಗ, ಈ ಗೆಲಾಕ್ಸಿಯ ಚಿತ್ರ ತೆಗೆದಿತ್ತು. ಆಗಸ್ಟ್‌ನಲ್ಲಿ ಅದನ್ನು ತೆರೆದು ನೋಡಿದರು. ಬೆಳಕು ಕಂಡ ಆ ಜಾಗದಲ್ಲಿ ಏಪ್ರಿಲ್‌ನಲ್ಲಿ ಅಂಥದ್ದೇನೂ ಇರಲಿಲ್ಲ.